ಒಂದೋ ಎರಡೋ

ನಾಪೋಕ್ಲು ಮೈದಾನದಲ್ಲಿ ನಾವು ಸೋತ ಮಧ್ಯಾಹ್ನ
ಗೋಲ್‌ಕೀಪರ್ ಪ್ಯಾಡು ಬಿಚ್ಚಿ, ಪಂದಿಕರಿ ಉಂಡು
ಕೈ ತೊಳೆಯಲು ಹೊರಟವಳನ್ನು
ಶಾಮಿಯಾನದ ಮೂಲೆಯಿಂದ ಕರೆದವನು ಸಫ್ವಾನ್.
ನನ್ನದೇ ಶಾಲೆಯ ಹುಡುಗ, ಡ್ರಿಲ್ ತಪ್ಪಿಸುವುದರಲ್ಲಿ ಮೊದಲಿಗ.
ಮುಂದೊಂದು ಮೇಜು, ಒಂದಷ್ಟು ಹತ್ತಿಕಡ್ಡಿ.
"ಟೀಚರ್, ಬಾಯಿ ತೊಳೆದು ಬನ್ನಿ."
ಏನು ಉಂಡಿರಿ ಅಂತ ಕೇಳಲಿಲ್ಲ.
ತನ್ನ ನೀರಿನ ಬಾಟಲಿಯನ್ನೇ ಕೊಟ್ಟ.

ಕೆನ್ನೆಯ ಒಳಗೆ ಕಡ್ಡಿ ಉಜ್ಜಿಕೊಳ್ಳುವಾಗ
ಯಾರನ್ನೂ ಬದುಕಿಸುವ ಯೋಚನೆ ನನಗಿರಲಿಲ್ಲ.
ಆರು ಗೋಲು ಬಿಟ್ಟುಕೊಟ್ಟಿದ್ದೆ.
ನನ್ನ ಕೈಲಾಗುವಂಥದ್ದನ್ನು ಯಾರಾದರೂ ಕೇಳಲಿ
ಅನಿಸಿತ್ತು, ಅಷ್ಟೆ.
ಅರ್ಜಿಯಲ್ಲಿ ಹೆಸರು, ತೂಕ, ಫೋನು.
ಮನೆಹೆಸರಿಗೆ ಜಾಗವಿರಲಿಲ್ಲ;
ಅಂಚಿನಲ್ಲಿ ಬರೆದೆ. ಅಭ್ಯಾಸ.

ನಾಲ್ಕು ವರ್ಷ ಕಳೆದು, ಪೊನ್ನಂಪೇಟೆಯಲ್ಲಿ
ಸುಣ್ಣದ ಪುಡಿಯಿಂದ ಓಟದ ಗೆರೆ ಎಳೆಯುತ್ತಿದ್ದಾಗ ಫೋನು:
"ಮೇಡಂ, ಒಬ್ಬರಿಗೆ ನಿಮ್ಮದು ಹತ್ತಕ್ಕೆ ಹತ್ತು ಹೊಂದಿದೆ."
ನನಗೆ ಯಾರೂ ಯಾವುದರಲ್ಲೂ ಹತ್ತಕ್ಕೆ ಹತ್ತು ಕೊಟ್ಟಿರಲಿಲ್ಲ.
ಒಡಹುಟ್ಟಿದ ಪೊನ್ನುವಿಗೂ ನನಗೂ ಹೊಂದುವುದು
ನಾಲ್ಕರಲ್ಲೊಂದು ಪಾಲು ಮಾತ್ರವಂತೆ.
ಮೂಗು ಒಂದೇ ಆದರೇನು.

ಸೀತಿ ಮಾವಿ ಕೇಳಿದಳು: "ಯಾರ ಮನೆಯವರು?"
ಗೊತ್ತಿಲ್ಲ ಮಾವಿ.
"ಯಾವ ನಾಡು?"
ಹೇಳುವುದಿಲ್ಲ.
"ಹೆಣ್ಣೋ ಗಂಡೋ?"
ಅದನ್ನೂ.
"ಮನೆಯೇ ಗೊತ್ತಿಲ್ಲದವರಿಗೆ ಮೂಳೆ ಕೊಡುತ್ತೀಯಾ?"
ಮೂಳೆಯಲ್ಲ ಮಾವಿ, ಮೂಳೆಯ ಒಳಗಿನದು.
"ನಲ್ಲಿಮೂಳೆಯಲ್ಲಿ ಇರುತ್ತದಲ್ಲ, ಅದೋ?"
ಅದೇ.
ಮಾವಿ ಬಹಳ ಹೊತ್ತು ಮಾತಾಡಲಿಲ್ಲ.
ಅಷ್ಟು ರುಚಿಯಾದದ್ದನ್ನು ಬಿಟ್ಟುಕೊಡುವವಳನ್ನು
ಬೈಯುವುದು ಹೇಗೆಂದು ತಿಳಿಯದೆ.

ಮಡಿಕೇರಿಯಲ್ಲಿ ರಕ್ತ ಕೊಟ್ಟೆ,
ಮೈಸೂರಿನಲ್ಲಿ ಎದೆಯ ಚಿತ್ರ ತೆಗೆಸಿದೆ.
ಡಾಕ್ಟರು ಸೊಂಟದ ಹಿಂದೆ ಹೆಬ್ಬೆರಳು ಒತ್ತಿ
ಇಲ್ಲಿಂದ, ಎಂದರು.
ಹದಿನೈದು ವರ್ಷ ನಾನು ಬಿದ್ದ ಜಾಗ.
ಎಷ್ಟು ಸಲ ನೀಲಿಗಟ್ಟಿದೆಯೋ ಲೆಕ್ಕವಿಲ್ಲ.
ಅಂದಿನಿಂದ ಜೀಪು ಹತ್ತುವಾಗ ನಿಧಾನ.
ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಂಬಿ ಹಿಡಿದೆ.
ಅಭ್ಯಾಸದಲ್ಲಿ ಚೆಂಡು ಎಡಕ್ಕೆ ಬಂದರೆ ನಿಂತೇ ನೋಡಿದೆ.
ಟೀಚರಿಗೆ ಹೆದರಿಕೆ ಶುರುವಾಗಿದೆ, ಎಂದರು ಹುಡುಗಿಯರು.
ಬೇರೆಯವರ ಒಡವೆ ಮನೆಯಲ್ಲಿಟ್ಟುಕೊಂಡವರು
ರಾತ್ರಿ ಎರಡೆರಡು ಸಲ ಚಿಲಕ ನೋಡುತ್ತಾರಲ್ಲ, ಹಾಗೆ.

ಕೈಲ್‌ಪೊಳ್ದಿನ ಬೆಳಗು. ಕೋವಿ ಒರೆಸಿ
ಬಾಯಿಗೆ ತೋಕ್‌ಪೂ ಸಿಕ್ಕಿಸುತ್ತಿದ್ದೆ. ಮತ್ತೆ ಫೋನು:
"ಮೇಡಂ, ಇನ್ನು ಬೇಕಾಗಿಲ್ಲ."
'ಸದ್ಯಕ್ಕೆ' ಎನ್ನಲಿಲ್ಲ ಆಕೆ. 'ಇನ್ನು' ಎಂದಳು.
ಗುಣವಾಯಿತೇ? ಬೇರೆ ಯಾರಾದರೂ ಸಿಕ್ಕರೇ? ಇಲ್ಲಾ
"ಅದನ್ನು ಹೇಳುವ ಹಾಗಿಲ್ಲ ಮೇಡಂ.
ನಿಮ್ಮ ಹೆಸರು ಪಟ್ಟಿಯಲ್ಲಿ ಇರಲಾ?"
ಇರಲಿ, ಎಂದೆ. ಹೂವು ಕೈಯಲ್ಲೇ ಇತ್ತು.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಸಾವಾದರೆ ಎರಡು.
ಗದ್ದೆಯಲ್ಲಿದ್ದವರು ಬೆನ್ನೆತ್ತಿ ಎಣಿಸುತ್ತಾರೆ,
ನಗಬೇಕೋ ಹೊರಡಬೇಕೋ ಆಮೇಲೆ.
ನಾನು ಹುಟ್ಟಿದ ದಿನ ಕೋವಿ ಗೋಡೆಯಲ್ಲೇ ಇತ್ತಂತೆ.
ಮಾವಿ ಒಲೆಯ ಮುಂದಿನಿಂದ ಎದ್ದು ಬಂದಳು,
ನನ್ನ ಮುಖ ನೋಡಿದಳು. ಮೆಲ್ಲಗೆ
"ಒಂದೋ ಎರಡೋ?"
ಗೊತ್ತಿಲ್ಲ ಮಾವಿ.

ಆ ರಾತ್ರಿ ಎಲ್ಲರ ಊಟವಾದ ಮೇಲೆ
ಅವಳು ಒಂದು ಬಾಳೆಲೆ ತುಂಡಿನಲ್ಲಿ
ಎರಡು ಕಡಂಬಿಟ್ಟು, ಒಂದು ಸೌಟು ಕರಿ ಹಾಕಿ
ಹಿಂದಿನ ಜಗಲಿಯಲ್ಲಿಟ್ಟಳು.
ಕಾರಣವರಿಗೆ ಇಡುವ ಜಾಗ ಅದಲ್ಲ;
ನೆಂಟರಿಗೆ ಬಡಿಸುವ ಜಾಗವೂ ಅಲ್ಲ.
"ಇದ್ದರೂ ಉಣ್ಣಲಿ, ಇಲ್ಲದಿದ್ದರೂ ಉಣ್ಣಲಿ."
ಬೆಳಿಗ್ಗೆ ಎಲೆ ಖಾಲಿ. ಬೆಕ್ಕಿರಬೇಕು.

ಸೋಮವಾರ ಮೈದಾನ ಕೆಸರು.
ಏಳನೆಯ ತರಗತಿಯ ದೇಚು ಹೊಡೆದ ಚೆಂಡಿಗೆ
ಎಡಕ್ಕೆ ಹಾರಿದೆ.
ಹುಡುಗಿಯರು ಓಡಿ ಬಂದರು. ಏಳಲು ಸ್ವಲ್ಪ ಹೊತ್ತು ಬೇಕಾಯಿತು.
ನೋವಾಯಿತಾ ಟೀಚರ್?
ಹೂಂ, ಎಂದೆ. ನನಗೇ.